ಮುಳ್ಳು ನಿಲ್ಲುವ ಜಾಗ

ನಾನು ಐದನೇ ಕ್ಲಾಸಿನಲ್ಲಿದ್ದಾಗ ಬೇಸಿಗೆ ರಜೆಯಲ್ಲಿ ನನಗೊಂದು ದೊಡ್ಡ ಕೆಲಸ ಇರುತ್ತಿತ್ತು. ಕರೆಂಟು ಬಂದ ಕೂಡಲೇ ತೋಟದ ಪಂಪ್‌ಹೌಸಿಗೆ ಓಡಬೇಕು. ಗೋಡೆಯ ಬೋರ್ಡಿನಲ್ಲಿದ್ದ ವೋಲ್ಟ್ ಮೀಟರಿನ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡಬೇಕು. ಆಮೇಲೆ ಬದುವಿನ ಮೇಲೆ ಗುದ್ದಲಿ ಹಿಡಿದು ನಿಂತಿರುತ್ತಿದ್ದ ತಾತನಿಗೆ ಕೂಗಿ ಹೇಳಬೇಕು.

"ಮುಳ್ಳು 350ರಿಂದ ಮೇಲಿದ್ರೆ ಹೂಂ ಅನ್ನು ಪುಟ್ಟಿ. ಕೆಳಗಿದ್ರೆ ಮೋಟ್ರು ಹಾಕೋದು ಬ್ಯಾಡ, ಸುಟ್ಟೋಗುತ್ತೆ." ಇದು ತಾತನ ಕಾನೂನು.

ಕಾನೂನಿಗೆ ಕಾರಣವಿತ್ತು. ಪಂಪ್‌ಸೆಟ್ಟಿಗೆ ಬರುವ ಮೂರು ತಂತಿಗಳಲ್ಲಿ ಯಾವುದೇ ಎರಡರ ನಡುವೆ 415 ವೋಲ್ಟ್ ಇರಬೇಕು. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಮೋಟಾರು ಹಾಕಿದಾಗ ಲೈನಿನ ಕೊನೆಯಲ್ಲಿದ್ದ ನಮ್ಮ ತೋಟಕ್ಕೆ ಬರುವಷ್ಟರಲ್ಲಿ ವೋಲ್ಟೇಜು ಕುಸಿದಿರುತ್ತಿತ್ತು. ವೋಲ್ಟೇಜು ಕಡಿಮೆಯಾದರೆ ಮೋಟಾರು ಅಷ್ಟೇ ನೀರನ್ನು ಎತ್ತಲು ಹೆಚ್ಚು ಕರೆಂಟು ಎಳೆದುಕೊಳ್ಳುತ್ತದೆ. ಒಳಗಿನ ತಾಮ್ರದ ಸುತ್ತು ಕಾಯುತ್ತದೆ, ಅದರ ಮೇಲಿನ ವಾರ್ನಿಷ್ ಕರಕಲಾಗುತ್ತದೆ. ಆಮೇಲೆ ಉಳಿಯುವುದು ಸುಟ್ಟ ವಾಸನೆ ಮಾತ್ರ. ಹೀಗಾಗದಂತೆ ಕಾಯುವ ಓವರ್‌ಲೋಡ್ ರಿಲೇ ಸ್ಟಾರ್ಟರಿನಲ್ಲೇ ಇರುತ್ತದೆ. ನಮ್ಮದರಲ್ಲಿ ಅದು ಎಂದೋ ಕೆಟ್ಟಿತ್ತು. ಹಾಗಾಗಿ ನಾವು ನಂಬಿದ್ದು ಮುಳ್ಳನ್ನೇ.

ಒಂದು ದಿನ ಮಧ್ಯಾಹ್ನ ಮುಳ್ಳು 350ರ ಗೀಟನ್ನು ಕೂದಲೆಳೆಯಷ್ಟು ದಾಟಿ ನಿಂತಿತ್ತು. ನಾನು "ಹೂಂ ತಾತಾ" ಎಂದು ಕೂಗಿದೆ. ತಾತ ಬಂದು ಹಸಿರು ಗುಂಡಿ ಒತ್ತಿದರು. ನೀರು ಬಂತು. ಅರ್ಧ ಗಂಟೆಯೂ ಆಗಿರಲಿಲ್ಲ, ಮೋಟಾರು ಗೊರಗೊರ ಎಂದು ನಿಂತೇಬಿಟ್ಟಿತು. ಪಂಪ್‌ಹೌಸಿನ ತುಂಬ ಹೊಗೆ.

ತಾತ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೋಟಾರನ್ನು ಬಿಚ್ಚಿ ಪೇಟೆಯ ರಿವೈಂಡಿಂಗ್ ಅಂಗಡಿಗೆ ಹಾಕಿ ಬರುವುದು, ಸುತ್ತಿಸುವುದು, ತರುವುದು, ಎಲ್ಲ ಸೇರಿ ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ಅರ್ಧ ಎಕರೆ ಟೊಮೆಟೊ ಹೂವು ಉದುರಿಸಿ ಎಲೆ ಮುದುಡಿಕೊಂಡಿತ್ತು. ನಾನು ಸರಿಯಾಗಿ ನೋಡದೆ ಹೇಳಿದೆನೇನೋ ಎಂದು ಎಂಟು ರಾತ್ರಿಯೂ ನನಗೆ ನಿದ್ದೆ ಬರಲಿಲ್ಲ.

ಒಂಬತ್ತನೆಯ ದಿನ ಮೋಟಾರು ಕೂರಿಸಲು ಅಂಗಡಿಯ ಮೇಸ್ತ್ರಿಯೇ ಬಂದರು. ಮೊದಲು ಮೇನ್ ಸ್ವಿಚ್ ಆಫ್ ಮಾಡಿದರು. ಆಮೇಲೆ ಮೀಟರಿನ ಮುಂದೆ ನಿಂತು, "ಇದನ್ನ ನೋಡಿ ಹೇಳಿದ್ದು ಯಾರು?" ಎಂದರು. ನಾನು ತಾತನ ಹಿಂದೆ ಅಡಗಿಕೊಂಡೆ.

"ಬಾ ಇಲ್ಲಿ ಮಗಳೇ. ಈಗ ಕರೆಂಟು ಐತಾ?"

"ಇಲ್ಲ ಮೇಸ್ತ್ರಿ ಮಾಮ."

"ಮತ್ತೆ ಮುಳ್ಳು ಎಲ್ಲೈತೆ ನೋಡು."

ನೋಡಿದೆ. ಕರೆಂಟೇ ಇಲ್ಲದಿದ್ದರೂ ಮುಳ್ಳು ಸೊನ್ನೆಯ ಮೇಲಿರಲಿಲ್ಲ. ಅಲ್ಲಿಂದ ಒಂದು ಭತ್ತದ ಕಾಳಿನುದ್ದ ಮುಂದಕ್ಕೆ ನಿಂತಿತ್ತು.

"ನಿನ್ನ ತಪ್ಪಲ್ಲ ಕಣಮ್ಮ. ನೀನು ಸರಿಯಾಗೇ ನೋಡಿದ್ದೀಯ. ಮುಳ್ಳೇ ಸುಳ್ಳು ಹೇಳೈತೆ."

ಅಂದು ಸಂಜೆ ಮೇಸ್ತ್ರಿ ಆ ಮೀಟರನ್ನು ಕಳಚಿ, ಜಗಲಿಯ ಮೇಲೆ ಹಳೆಯ ಪೇಪರು ಹಾಸಿ, ಅದರ ಹೊಟ್ಟೆಯೊಳಗೆ ಏನಿದೆ ಎಂದು ನನಗೆ ತೋರಿಸಿದರು. ಅವರು ತೋರಿಸಿದ್ದು, ಮುಂದೆ ಕಾಲೇಜಿನಲ್ಲಿ ನಾನು ಓದಿದ್ದು, ಎರಡನ್ನೂ ಸೇರಿಸಿ ಇವತ್ತು ನಿಮಗೆ ಹೇಳುತ್ತೇನೆ.

ಮೊದಲು ಬಾಗಿಲು ತಳ್ಳಿ ನೋಡಿ

ಮನೆಯ ಬಾಗಿಲನ್ನು ಹಿಡಿಯ ಹತ್ತಿರ ಒಂದೇ ಬೆರಳಿನಿಂದ ತಳ್ಳಿ. ಸಲೀಸಾಗಿ ತಿರುಗುತ್ತದೆ. ಈಗ ತಿರುಗಣಿಯ ಪಕ್ಕದಲ್ಲೇ ಅದೇ ಬೆರಳಿನಿಂದ ತಳ್ಳಿ. ಬಾಗಿಲು ಅಲುಗುವುದೇ ಕಷ್ಟ. ಬಲ ಅದೇ, ಬಾಗಿಲೂ ಅದೇ. ಬದಲಾದದ್ದು ತಿರುಗಣಿಯಿಂದ ಬೆರಳಿಗಿರುವ ದೂರ.

ಒಂದು ವಸ್ತುವನ್ನು ತಿರುಗಿಸಬೇಕಾದರೆ ಬಲ ಎಷ್ಟಿದೆ ಎನ್ನುವುದಷ್ಟೇ ಸಾಲದು, ಅದು ಎಷ್ಟು ದೂರದಲ್ಲಿ ಬೀಳುತ್ತದೆ ಎನ್ನುವುದೂ ಬೇಕು. ಬಲ ಮತ್ತು ದೂರ ಎರಡೂ ಸೇರಿ ಉಂಟಾಗುವ ಈ ತಿರುಗಿಸುವ ಶಕ್ತಿಗೆ ಟಾರ್ಕ್ ಎನ್ನುತ್ತಾರೆ. ನಟ್ಟು ಬಿಗಿಯಲು ಉದ್ದ ಹಿಡಿಯ ಸ್ಪ್ಯಾನರ್ ಹುಡುಕುವ ಮೆಕ್ಯಾನಿಕ್, ರಾಗಿ ಕಲ್ಲಿನ ಗೂಟವನ್ನು ಅಂಚಿನಲ್ಲೇ ನಿಲ್ಲಿಸಿದ ಹಿರಿಯರು, ಇವರೆಲ್ಲ ಟಾರ್ಕಿನ ಲೆಕ್ಕ ಬಲ್ಲವರೇ.

ಮೀಟರಿನ ಮುಳ್ಳೂ ಬಾಗಿಲಿನ ಹಾಗೆಯೇ. ಅದು ಒಂದು ಸಣ್ಣ ಕಂಬಿಯ ಸುತ್ತ ತಿರುಗುತ್ತದೆ. ಅದನ್ನು ತಿರುಗಿಸಲು, ಸರಿಯಾದ ಜಾಗದಲ್ಲಿ ನಿಲ್ಲಿಸಲು ಮೂರು ಟಾರ್ಕ್‌ಗಳು ಬೇಕು. ಒಂದು ಓಡಿಸುತ್ತದೆ. ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಮೂರನೆಯದು ತಣಿಸುತ್ತದೆ.

ಓಡಿಸುವ ಟಾರ್ಕ್

1820ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಹಾನ್ಸ್ ಕ್ರಿಶ್ಚಿಯನ್ ಓರ್ಸ್ಟೆಡ್ ಎಂಬ ಪ್ರಾಧ್ಯಾಪಕರು ಒಂದು ತಂತಿಯಲ್ಲಿ ವಿದ್ಯುತ್ ಹರಿಸಿದಾಗ ಹತ್ತಿರವಿದ್ದ ದಿಕ್ಸೂಚಿಯ ಮುಳ್ಳು ಪಕ್ಕಕ್ಕೆ ಸರಿಯಿತು. ವಿದ್ಯುತ್ತು ತನ್ನ ಸುತ್ತ ಅಯಸ್ಕಾಂತದ ಗುಣ ಹುಟ್ಟಿಸುತ್ತದೆ ಎಂದು ಲೋಕಕ್ಕೆ ತಿಳಿದದ್ದು ಆಗ. ಅದೇ ವರ್ಷ ಜರ್ಮನಿಯ ಶ್ವೈಗರ್ ಎಂಬವರು ತಂತಿಯನ್ನು ಹಲವು ಸುತ್ತು ಸುತ್ತಿ ನಡುವೆ ದಿಕ್ಸೂಚಿ ಇಟ್ಟರು. ಸುತ್ತು ಹೆಚ್ಚಿದಷ್ಟೂ ಮುಳ್ಳಿನ ಮೇಲಿನ ಟಾರ್ಕ್ ಹೆಚ್ಚಿತು. ಕಣ್ಣಿಗೆ ಕಾಣದ ವಿದ್ಯುತ್ತನ್ನು ಮುಳ್ಳಿನಿಂದ ಅಳೆಯುವ ಕೆಲಸ ಅಲ್ಲಿಂದ ಶುರುವಾಯಿತು.

ನಮ್ಮ ಪಂಪ್‌ಹೌಸಿನ ಮೀಟರಿನಲ್ಲಿ ದಿಕ್ಸೂಚಿ ಇರಲಿಲ್ಲ. ಒಂದು ತಂತಿಯ ಸುರುಳಿ, ಅದರ ಒಳಗೆ ಎರಡು ಪುಟ್ಟ ಕಬ್ಬಿಣದ ತುಂಡುಗಳು. ಒಂದು ತುಂಡು ಅಲುಗದಂತೆ ಕೂತಿದೆ. ಇನ್ನೊಂದು ಮುಳ್ಳಿನ ಕಂಬಿಗೆ ಅಂಟಿದೆ. ಸುರುಳಿಯಲ್ಲಿ ಕರೆಂಟು ಹರಿದಾಗ ಎರಡೂ ಒಟ್ಟಿಗೆ ಅಯಸ್ಕಾಂತಗಳಾಗುತ್ತವೆ. ಒಂದರ ಉತ್ತರ ತುದಿಯ ಪಕ್ಕದಲ್ಲೇ ಇನ್ನೊಂದರ ಉತ್ತರ ತುದಿ. ಒಂದೇ ತರಹದ ತುದಿಗಳು ಒಂದನ್ನೊಂದು ದೂಡುತ್ತವೆ ಎಂದು ನೀವು ಶಾಲೆಯಲ್ಲಿ ಓದಿದ್ದೀರಿ. ಅಲುಗದ ತುಂಡು ಅಲುಗುವ ತುಂಡನ್ನು ದೂಡುತ್ತದೆ, ಕಂಬಿ ತಿರುಗುತ್ತದೆ, ಮುಳ್ಳು ಓಡುತ್ತದೆ.

ಮನೆಗೆ, ತೋಟಕ್ಕೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡುವ ಎ.ಸಿ. ಕರೆಂಟು. ಹಾಗಿದ್ದರೆ ಮುಳ್ಳೂ ಹಿಂದೆ ಮುಂದೆ ಓಡಾಡಬೇಕಲ್ಲ? ಇಲ್ಲ. ಕರೆಂಟು ದಿಕ್ಕು ಬದಲಿಸಿದಾಗ ಎರಡು ತುಂಡುಗಳೂ ಒಟ್ಟಿಗೇ ಬದಲಾಗುತ್ತವೆ. ಉತ್ತರ-ಉತ್ತರ ಇದ್ದದ್ದು ದಕ್ಷಿಣ-ದಕ್ಷಿಣ ಆಗುತ್ತದೆ. ದೂಡುವುದು ಮಾತ್ರ ತಪ್ಪುವುದಿಲ್ಲ.

ಹಿಂದಕ್ಕೆ ಎಳೆಯುವ ಟಾರ್ಕ್

ಈಗ ಯೋಚಿಸಿ. ಓಡಿಸುವ ಟಾರ್ಕ್ ಒಂದೇ ಇದ್ದಿದ್ದರೆ ಏನಾಗುತ್ತಿತ್ತು? ಎಣ್ಣೆ ಹಾಕಿದ ಬಾಗಿಲನ್ನು ಮೆಲ್ಲಗೆ ತಳ್ಳಿದರೂ ಅದು ಗೋಡೆಗೆ ಬಡಿಯುವವರೆಗೆ ಹೋಗುತ್ತದೆ, ಜೋರಾಗಿ ತಳ್ಳಿದರೂ ಗೋಡೆಯವರೆಗೇ ಹೋಗುತ್ತದೆ. ಹಾಗೆಯೇ ಮುಳ್ಳು ಕೂಡ 100 ವೋಲ್ಟಿಗೂ ಕೊನೆಗೆ ಹೋಗಿ ಬಡಿಯುತ್ತಿತ್ತು, 400 ವೋಲ್ಟಿಗೂ ಕೊನೆಗೇ ಹೋಗಿ ಬಡಿಯುತ್ತಿತ್ತು. ಕರೆಂಟು ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತಿತ್ತು. ಎಷ್ಟಿದೆ ಎಂದು ಹೇಳುತ್ತಿರಲಿಲ್ಲ. ಕರೆಂಟು ಹೋದ ಮೇಲೆ ಸೊನ್ನೆಗೂ ಬರುತ್ತಿರಲಿಲ್ಲ.

ಆದ್ದರಿಂದ ಎದುರಾಳಿ ಬೇಕು. ಮೇಸ್ತ್ರಿ ಚಿಮಟದ ತುದಿಯಿಂದ ನನಗೆ ತೋರಿಸಿದ್ದು ಆ ಎದುರಾಳಿಯನ್ನೇ. ಗಡಿಯಾರದೊಳಗೆ ಇರುವಂಥ, ಚಕ್ಕುಲಿಯ ಹಾಗೆ ಸುತ್ತಿಕೊಂಡ, ಕೂದಲಿನಷ್ಟು ತೆಳುವಾದ ಸ್ಪ್ರಿಂಗು. ಒಳತುದಿ ಮುಳ್ಳಿನ ಕಂಬಿಗೆ, ಹೊರತುದಿ ಮೀಟರಿನ ಚೌಕಟ್ಟಿನ ಕಡೆಯ ಒಂದು ಪುಟ್ಟ ಕೊಂಡಿಗೆ ಬೆಸೆದಿರುತ್ತದೆ. ಮುಳ್ಳು ಮುಂದೆ ಹೋದಂತೆ ಸ್ಪ್ರಿಂಗು ಬಿಗಿಯುತ್ತದೆ. ಎಷ್ಟು ತಿರುಚಿದರೆ ಅಷ್ಟು ಜೋರಾಗಿ ಅದು ಹಿಂದಕ್ಕೆ ಎಳೆಯುತ್ತದೆ.

ಎಲ್ಲಿ ಓಡಿಸುವ ಟಾರ್ಕ್ ಮತ್ತು ಎಳೆಯುವ ಟಾರ್ಕ್ ಸಮ ಆಗುತ್ತವೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಶಾಲೆಯ ಹಗ್ಗಜಗ್ಗಾಟದಲ್ಲಿ ಎರಡೂ ಕಡೆಯವರ ಬಲ ಸಮವಾದಾಗ ಹಗ್ಗದ ಮೇಲಿನ ಕೆಂಪು ಬಟ್ಟೆ ಅಲುಗದೆ ನಿಲ್ಲುವುದಿಲ್ಲವೇ, ಹಾಗೆ. ಮುಳ್ಳು ನಿಂತಿದೆ ಎಂದರೆ ಅದರ ಮೇಲೆ ಯಾವ ಬಲವೂ ಇಲ್ಲ ಎಂದಲ್ಲ, ಇಬ್ಬರೂ ಸಮಸಮವಾಗಿ ಜಗ್ಗುತ್ತಿದ್ದಾರೆ ಎಂದು ಅರ್ಥ. ತರಕಾರಿ ಅಂಗಡಿಯ ಸ್ಪ್ರಿಂಗ್ ತಕ್ಕಡಿಯಲ್ಲೂ ನಡೆಯುವುದು ಇದೇ. ಬದನೆಕಾಯಿ ಕೆಳಗೆ ಎಳೆಯುತ್ತದೆ, ಸ್ಪ್ರಿಂಗು ಮೇಲಕ್ಕೆ ಎಳೆಯುತ್ತದೆ, ಎರಡೂ ಸಮವಾದಲ್ಲಿ ಮುಳ್ಳು ನಿಂತು ಒಂದು ಕಿಲೋ ಎನ್ನುತ್ತದೆ.

ಓರ್ಸ್ಟೆಡ್ ಅವರ ದಿಕ್ಸೂಚಿಯಲ್ಲಿ ಸ್ಪ್ರಿಂಗು ಇರಲಿಲ್ಲ. ಹಾಗಾದರೆ ಹಿಂದಕ್ಕೆ ಎಳೆದದ್ದು ಯಾರು? ನಮ್ಮ ಭೂಮಿ! ಭೂಮಿಯೇ ಒಂದು ದೊಡ್ಡ ಅಯಸ್ಕಾಂತ. ಅದು ಮುಳ್ಳನ್ನು ಉತ್ತರ-ದಕ್ಷಿಣಕ್ಕೆ ಎಳೆಯುತ್ತಿತ್ತು, ತಂತಿ ಅಡ್ಡಕ್ಕೆ ಎಳೆಯುತ್ತಿತ್ತು. ಕೆಲವು ಹಳೆಯ ಮೀಟರುಗಳಲ್ಲಿ ಸ್ಪ್ರಿಂಗಿನ ಬದಲು ಮುಳ್ಳಿನ ಕಂಬಿಗೆ ಒಂದು ಪುಟ್ಟ ತೂಕ ಕಟ್ಟುತ್ತಿದ್ದರು. ಮುಳ್ಳು ತಿರುಗಿದಾಗ ತೂಕ ಮೇಲೇಳುತ್ತದೆ, ಕೆಳಗೆ ಬರಲು ಜಗ್ಗುತ್ತದೆ. ಅಂಥ ಮೀಟರನ್ನು ಗೋಡೆಗೆ ನೆಟ್ಟಗೆ ಕೂರಿಸಲೇಬೇಕು, ಮೇಜಿನ ಮೇಲೆ ಮಲಗಿಸಿದರೆ ಕೆಲಸ ಕೆಟ್ಟಿತು. ಸ್ಪ್ರಿಂಗಿಗೆ ಆ ತೊಂದರೆ ಇಲ್ಲ. ಆದರೆ ಸ್ಪ್ರಿಂಗು ಕಬ್ಬಿಣದ್ದಾದರೆ ಅಯಸ್ಕಾಂತಕ್ಕೆ ಸಿಲುಕುತ್ತದೆ. ಅದಕ್ಕೇ ಅದನ್ನು ಹೆಚ್ಚಾಗಿ ಫಾಸ್ಫರ್ ಬ್ರಾಂಜ್ ಎಂಬ ಮಿಶ್ರಲೋಹದಿಂದ ಮಾಡುತ್ತಾರೆ. ಸಾವಿರಾರು ಸಲ ತಿರುಚಿದರೂ ಅದು ಬೇಗ ಸೋಲುವುದಿಲ್ಲ.

ಇನ್ನು ನಮ್ಮ ಮೀಟರಿಗೆ ಆಗಿದ್ದೇನು? ಸ್ಪ್ರಿಂಗಿನ ಹೊರತುದಿ ಹಿಡಿದಿದ್ದ ಕೊಂಡಿ ತನ್ನ ಜಾಗದಿಂದ ಸರಿದಿತ್ತು. ಸ್ಪ್ರಿಂಗು ಬಿಗಿಯಿಲ್ಲದೆ ಆರಾಮಾಗಿರಬೇಕಾದ ಜಾಗವೇ ಮುಂದಕ್ಕೆ ಹೋಗಿತ್ತು. ಹಗ್ಗಜಗ್ಗಾಟದಲ್ಲಿ ನಡುವಿನ ಗೆರೆಯನ್ನೇ ಯಾರೋ ಅಳಿಸಿ ಪಕ್ಕಕ್ಕೆ ಎಳೆದ ಹಾಗೆ.

ಗೀಟುಗಳು ಏಕೆ ಒತ್ತೊತ್ತಾಗಿವೆ?

ಭತ್ತದ ಕಾಳಿನಷ್ಟು ಸರಿದದ್ದಕ್ಕೆ ಮೋಟಾರು ಸುಡುತ್ತದೆಯೇ? ನನಗೂ ಅದೇ ಅನುಮಾನ. ಮೇಸ್ತ್ರಿ ಮೀಟರಿನ ಮುಖದ ಹಾಳೆಯನ್ನು ತೋರಿಸಿ, "ಗೀಟು ನೋಡು" ಎಂದರು.

ನೀವೂ ಯಾವುದಾದರೂ ಪಂಪ್‌ಸೆಟ್ಟಿನ ಬೋರ್ಡು ನೋಡಿ. ಹಳೆಯ ಮುಳ್ಳಿನ ಮೀಟರಾದರೆ ಎಡಗಡೆ ಸೊನ್ನೆಯ ಹತ್ತಿರ ಅಂಕಿಗಳು ಒಂದರ ಮೇಲೊಂದು ಬಿದ್ದ ಹಾಗೆ ಒತ್ತಿಕೊಂಡಿರುತ್ತವೆ. ಬಲಕ್ಕೆ ಹೋದಂತೆ ಬಿಡಿಬಿಡಿಯಾಗುತ್ತವೆ. ಇದು ಬರೆದವರ ತಪ್ಪಲ್ಲ. ಕರೆಂಟು ಎರಡರಷ್ಟಾದರೆ ಕಬ್ಬಿಣದ ಎರಡೂ ತುಂಡುಗಳು ಎರಡೆರಡು ಪಟ್ಟು ಬಲವಾಗುತ್ತವೆ. ಎರಡು ಪಟ್ಟು ಬಲದ್ದು ಎರಡು ಪಟ್ಟು ಬಲದ್ದನ್ನು ದೂಡಿದರೆ ಒಟ್ಟು ನಾಲ್ಕು ಪಟ್ಟು ಟಾರ್ಕ್! ಕರೆಂಟು ಮೂರರಷ್ಟಾದರೆ ಟಾರ್ಕ್ ಒಂಬತ್ತರಷ್ಟು. ಆದ್ದರಿಂದ ಶುರುವಿನಲ್ಲಿ ಮುಳ್ಳು ಅಲುಗುವುದೇ ಇಲ್ಲ ಎನ್ನುವಷ್ಟು ಸೋಮಾರಿ, ಆಮೇಲೆ ಲಂಗುಲಗಾಮಿಲ್ಲದ ಓಟ.

ನಮ್ಮ ಮೀಟರು 500 ವೋಲ್ಟಿನವರೆಗಿನದು. ಸೊನ್ನೆಯಿಂದ ಒಂದು ಭತ್ತದ ಕಾಳಿನುದ್ದದಲ್ಲಿ ಸುಮಾರು 150 ವೋಲ್ಟ್ ತುಂಬಿಕೊಂಡಿತ್ತು. ಅದೇ ಕಾಳನ್ನು 350ರ ಹತ್ತಿರ ಇಟ್ಟರೆ ಅಲ್ಲಿ ಹಿಡಿಸುವುದು ಸುಮಾರು 30 ವೋಲ್ಟ್ ಮಾತ್ರ. ಹಾಗಾಗಿ ಆವತ್ತು ನಾನು 350ರ ಮೇಲೆ ಎಂದು ಕೂಗಿದಾಗ ನಿಜವಾಗಿ ಇದ್ದದ್ದು ಸುಮಾರು 320. ಮೋಟಾರಿಗೆ ಅದು ಸಾಲದಾಯಿತು.

"ಪಕ್ಕದಲ್ಲೇ ಆ್ಯಂಪಿಯರ್ ಮೀಟ್ರು ಐತಲ್ಲ, ಅದೇನು ತೋರಿಸ್ತಿತ್ತು?" ಎಂದು ಮೇಸ್ತ್ರಿ ಕೇಳಿದರು. ನಾನು ತಾತನ ಮುಖ ನೋಡಿದೆ. ತಾತ ನನ್ನ ಮುಖ ನೋಡಿದರು. ಮೋಟಾರು ಎಳೆಯುವ ಕರೆಂಟನ್ನು ತೋರಿಸುವ ಆ ಮೀಟರನ್ನು ನಾವಿಬ್ಬರೂ ನೋಡಿಯೇ ಇರಲಿಲ್ಲ. ನೋಡಿದ್ದರೆ ಅದರ ಮುಳ್ಳು ದಿನಕ್ಕಿಂತ ಮೇಲೆ ನಿಂತು ನಿಜ ಹೇಳುತ್ತಿತ್ತು.

ತಣಿಸುವ ಟಾರ್ಕ್

ಉಯ್ಯಾಲೆಯಲ್ಲಿ ತಂಗಿಯನ್ನು ಕೂರಿಸಿ ಒಮ್ಮೆ ಎಳೆದು ಬಿಡಿ. ಉಯ್ಯಾಲೆ ನಡುವಿಗೆ ಬಂದು ನಿಲ್ಲುತ್ತದೆಯೇ? ಇಲ್ಲ. ಬಂದ ವೇಗದಲ್ಲಿ ನಡುವನ್ನು ದಾಟಿ ಆಚೆ ಹೋಗುತ್ತದೆ, ಮತ್ತೆ ಈಚೆ ಬರುತ್ತದೆ. ನಿಲ್ಲಲು ಎಷ್ಟೋ ಹೊತ್ತು. ಮೀಟರಿನ ಮುಳ್ಳಿನದೂ ಅದೇ ಹಾಡು. ಎರಡು ಟಾರ್ಕ್‌ಗಳು ಸಮವಾಗುವ ಜಾಗ ಸಿಕ್ಕಿದರೂ ಅದು ಓಡಿ ಬಂದ ವೇಗದಲ್ಲಿ ಮುಂದೆ ಹೋಗಿಬಿಡುತ್ತದೆ. ಸ್ಪ್ರಿಂಗು ಹಿಂದೆ ಎಳೆಯುತ್ತದೆ, ಕರೆಂಟು ಮುಂದೆ ದೂಡುತ್ತದೆ. ಓದುವುದು ಹೇಗೆ?

ಇದನ್ನು ತಣಿಸಲು ಮೂರನೆಯ ಟಾರ್ಕ್. ನಮ್ಮ ಮೀಟರಿನಲ್ಲಿ ಮುಳ್ಳಿನ ಕಂಬಿಗೆ ಒಂದು ತೆಳು ರೆಕ್ಕೆ ಅಂಟಿಸಿದ್ದರು. ಆ ರೆಕ್ಕೆ ಮುಚ್ಚಿದ ಸಣ್ಣ ಡಬ್ಬಿಯೊಳಗೆ ಓಡಾಡುತ್ತದೆ. ಮುಳ್ಳು ಜೋರಾಗಿ ಓಡಿದರೆ ಡಬ್ಬಿಯ ಗಾಳಿ ರೆಕ್ಕೆಯನ್ನು ತಡೆಯುತ್ತದೆ. ಬೀಸಣಿಗೆಯನ್ನು ಜೋರಾಗಿ ಬೀಸಿದಾಗ ಕೈಗೆ ತಡೆ ಸಿಗುತ್ತದಲ್ಲ, ಅದೇ. ಕೆಲವು ಉಪಕರಣಗಳಲ್ಲಿ ಗಾಳಿಯ ಬದಲು ಎಣ್ಣೆ ಇರುತ್ತದೆ.

ಈ ಟಾರ್ಕಿನ ಒಂದು ದೊಡ್ಡ ಗುಣವಿದೆ. ಮುಳ್ಳು ಓಡುವಾಗ ಮಾತ್ರ ಅದು ಇರುತ್ತದೆ. ಮುಳ್ಳು ನಿಂತ ಕೂಡಲೇ ಅದೂ ಮಾಯ. ಆದ್ದರಿಂದ ಮುಳ್ಳು ಎಲ್ಲಿ ನಿಲ್ಲಬೇಕು ಎನ್ನುವ ವಿಷಯದಲ್ಲಿ ಅದು ಬಾಯಿ ಹಾಕುವುದಿಲ್ಲ. ಎಷ್ಟು ಬೇಗ ನಿಲ್ಲಬೇಕು ಎಂದಷ್ಟೇ ನೋಡಿಕೊಳ್ಳುತ್ತದೆ.

ಕಂಬಿಯ ತುದಿಗಳಲ್ಲಿ ಆಗುವ ಉಜ್ಜಾಟ ಹಾಗಲ್ಲ. ಅದು ಮುಳ್ಳು ನಿಂತಾಗಲೂ ಹಿಡಿದುಕೊಂಡೇ ಇರುತ್ತದೆ. ಸಮವಾಗುವ ಜಾಗಕ್ಕಿಂತ ಮೊದಲೇ ಮುಳ್ಳನ್ನು ನಿಲ್ಲಿಸಿ ತಪ್ಪು ಓದಿಸುತ್ತದೆ. ಅದಕ್ಕೇ ಒಳ್ಳೆಯ ಮೀಟರುಗಳಲ್ಲಿ ಕಂಬಿಯ ಚೂಪು ತುದಿಗಳನ್ನು ನೀಲಮಣಿಯಂಥ ಗಟ್ಟಿ ಹರಳಿನ ಕುಳಿಯಲ್ಲಿ ಕೂರಿಸುತ್ತಾರೆ. ಹಳೆಯ ಎಲೆಕ್ಟ್ರಿಷಿಯನ್ನರು ಮೀಟರು ಓದುವ ಮೊದಲು ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟುವುದನ್ನು ನೋಡಿದ್ದೀರಾ? ಉಜ್ಜಾಟದಲ್ಲಿ ಸಿಕ್ಕಿಕೊಂಡ ಮುಳ್ಳನ್ನು ಬಿಡಿಸಿ, ಅದರ ನಿಜವಾದ ಜಾಗಕ್ಕೆ ಕಳಿಸುವುದು ಆ ತಟ್ಟುವಿಕೆ.

ತಣಿಸುವುದು ಅತಿಯಾದರೂ ಕಷ್ಟ. ಜೇನುತುಪ್ಪದಲ್ಲಿ ಅದ್ದಿದ ಚಮಚದಂತೆ ಮುಳ್ಳು ತೆವಳುತ್ತದೆ. ಕಡಿಮೆಯಾದರೆ ಉಯ್ಯಾಲೆ. ಮೀಟರು ಮಾಡುವವರು ಸಾಮಾನ್ಯವಾಗಿ ಮುಳ್ಳು ಒಂದು ಸಲ ಚೂರೇ ಚೂರು ದಾಟಿ, ಹಿಂದಕ್ಕೆ ಬಂದು ನಿಲ್ಲುವ ಹಾಗೆ ಹೊಂದಿಸುತ್ತಾರೆ. ಮುಳ್ಳು ಎಲ್ಲೂ ಸಿಕ್ಕಿಕೊಂಡಿಲ್ಲ ಎಂದು ನೋಡುವವರಿಗೂ ಅದರಿಂದ ಗೊತ್ತಾಗುತ್ತದೆ.

ಶಾಲೆಯ ಗ್ಯಾಲ್ವನೋಮೀಟರು

ನಿಮ್ಮ ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಸೊನ್ನೆ ನಡುವೆ ಇರುವ ಗ್ಯಾಲ್ವನೋಮೀಟರು ಇರುತ್ತದೆ. ಅದರ ಗೀಟುಗಳು ಮಾತ್ರ ಸಮಸಮ ಅಂತರದಲ್ಲಿರುತ್ತವೆ. ಅದರೊಳಗೆ ತಿರುಗುವುದು ಕಬ್ಬಿಣವಲ್ಲ, ತಂತಿಯ ಸುರುಳಿಯೇ. ಸುತ್ತ ಇರುವ ಶಾಶ್ವತ ಅಯಸ್ಕಾಂತದ ಬಲ ಬದಲಾಗುವುದಿಲ್ಲ. ಆದ್ದರಿಂದ ಕರೆಂಟು ಎರಡು ಪಟ್ಟಾದರೆ ಟಾರ್ಕೂ ಎರಡೇ ಪಟ್ಟು. ಆದರೆ ಎ.ಸಿ. ಕರೆಂಟಿಗೆ ಇದು ಆಗದು. ಸೆಕೆಂಡಿಗೆ 50 ಸಲ ಆ ಕಡೆ ಈ ಕಡೆ ಎಳೆದರೆ ಮುಳ್ಳು ಎಲ್ಲಿಗೂ ಹೋಗದೆ ಸೊನ್ನೆಯಲ್ಲೇ ನಡುಗುತ್ತದೆ.

ಈ ಮಾದರಿಗೆ 1882ರಲ್ಲಿ ಫ್ರಾನ್ಸಿನ ದಾರ್ಸೊನ್ವಾಲ್ ಅವರು ಒಳ್ಳೆಯ ರೂಪ ಕೊಟ್ಟರು. 1888ರಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಎಡ್ವರ್ಡ್ ವೆಸ್ಟನ್ ಅವರು ಅದನ್ನು ಕೈಯಲ್ಲಿ ಹಿಡಿದು ಒಯ್ಯಬಹುದಾದ ಮೀಟರಾಗಿ ಮಾಡಿದರು. ಇಂಥ ಮೀಟರುಗಳಲ್ಲಿ ಸುರುಳಿಯನ್ನು ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಸುತ್ತುತ್ತಾರೆ. ಮುಳ್ಳಿನ ಜೊತೆ ಆ ಚೌಕಟ್ಟು ಅಯಸ್ಕಾಂತದ ನಡುವೆ ಓಡಿದಾಗ ಅದರೊಳಗೆ ಸುಳಿಯಂತೆ ಸುತ್ತುವ ವಿದ್ಯುತ್ತು ಹುಟ್ಟುತ್ತದೆ. ಆ ಸುಳಿ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಓಟಕ್ಕೇ ಬ್ರೇಕು ಹಾಕುತ್ತದೆ. ಗಾಳಿಯೂ ಬೇಡ, ಎಣ್ಣೆಯೂ ಬೇಡ.

ಸೂಕ್ಷ್ಮವಾದ ಗ್ಯಾಲ್ವನೋಮೀಟರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವಾಗ ಅದರ ಎರಡು ತಿರುಪುಗಳಿಗೆ ಒಂದು ತಂತಿಯ ತುಂಡು ಜೋಡಿಸುತ್ತಾರೆ. ಕುಲುಕಾಟಕ್ಕೆ ಮುಳ್ಳು ಅಲುಗಿದರೆ ಸುರುಳಿಯಲ್ಲೇ ವಿದ್ಯುತ್ತು ಹುಟ್ಟಿ, ಆ ತಂತಿಯ ಮೂಲಕ ಸುತ್ತಿ ಬಂದು, ಅಲುಗಾಟವನ್ನು ತಡೆಯುತ್ತದೆ. ಮೀಟರು ತನ್ನನ್ನು ತಾನೇ ಹಿಡಿದುಕೊಳ್ಳುವ ಉಪಾಯ!

ಬಹಳ ಕಡಿಮೆ ಕರೆಂಟನ್ನು ಅಳೆಯಬೇಕಾದರೆ ಎಳೆಯುವ ಟಾರ್ಕನ್ನು ಕಡಿಮೆ ಮಾಡಬೇಕು, ಮುಳ್ಳು ಹಗುರವಾಗಬೇಕು. 1858ರಲ್ಲಿ ಐರ್ಲೆಂಡಿನಿಂದ ಉತ್ತರ ಅಮೆರಿಕದ ನ್ಯೂಫೌಂಡ್‌ಲ್ಯಾಂಡಿಗೆ ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಟೆಲಿಗ್ರಾಫ್ ತಂತಿ ಹಾಸಿದಾಗ ಆ ಕೊನೆಗೆ ತಲುಪುತ್ತಿದ್ದ ವಿದ್ಯುತ್ತು ತೀರ ಕ್ಷೀಣವಾಗಿತ್ತು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ ಅವರು ಲೋಹದ ಮುಳ್ಳನ್ನೇ ಬಿಟ್ಟರು. ಪುಟ್ಟ ಕನ್ನಡಿಯ ಬೆನ್ನಿಗೆ ಸಣ್ಣ ಅಯಸ್ಕಾಂತಗಳನ್ನು ಅಂಟಿಸಿ ರೇಷ್ಮೆ ಎಳೆಯಲ್ಲಿ ತೂಗುಹಾಕಿದರು. ದೀಪದ ಬೆಳಕು ಕನ್ನಡಿಗೆ ಬಡಿದು ಎದುರಿನ ಅಳತೆಪಟ್ಟಿಯ ಮೇಲೆ ಬೀಳುತ್ತಿತ್ತು. ಕನ್ನಡಿ ಚೂರು ತಿರುಗಿದರೂ ಬೆಳಕಿನ ಚುಕ್ಕೆ ದೂರ ಓಡುತ್ತಿತ್ತು. ತೂಕವೇ ಇಲ್ಲದ ಮುಳ್ಳು! ಆ ತಂತಿ ಕೆಲವೇ ವಾರಗಳಲ್ಲಿ ಕೆಟ್ಟಿತು. ಥಾಮ್ಸನ್ನರ ಕನ್ನಡಿ ಮಾತ್ರ ಮುಂದಿನ ತಂತಿಗಳಿಗೂ ಕೆಲಸಕ್ಕೆ ಬಂತು.

ಸ್ಪ್ರಿಂಗು ಇಲ್ಲದ ಮೀಟರು

ಒಂದು ಒಗಟು. ಹಳೆಯ ಮನೆಗಳ ಕರೆಂಟ್ ಮೀಟರಿನಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆ ಸುತ್ತುತ್ತಿರುತ್ತಿತ್ತು. ಅದು ಮುಳ್ಳಿನಂತೆ ಒಂದು ಕಡೆ ನಿಲ್ಲದೆ ಸುತ್ತುತ್ತಲೇ ಇರುವುದು ಏಕೆ?

ಅದರಲ್ಲಿ ಹಿಂದಕ್ಕೆ ಎಳೆಯುವ ಸ್ಪ್ರಿಂಗು ಇಲ್ಲ. ಓಡಿಸುವ ಟಾರ್ಕ್ ಇದೆ. ಅಯಸ್ಕಾಂತವೊಂದು ತಟ್ಟೆಯಲ್ಲಿ ಸುಳಿ ವಿದ್ಯುತ್ತು ಹುಟ್ಟಿಸಿ ಬ್ರೇಕು ಹಾಕುತ್ತದೆ. ತಟ್ಟೆ ಜೋರಾಗಿ ಸುತ್ತಿದಷ್ಟೂ ಬ್ರೇಕು ಜೋರು. ಎರಡೂ ಸಮವಾದಾಗ ತಟ್ಟೆ ನಿಲ್ಲುವುದಿಲ್ಲ, ಒಂದೇ ವೇಗದಲ್ಲಿ ಸುತ್ತುತ್ತದೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲ ಹಾಕಿದರೆ ವೇಗ ಹೆಚ್ಚು. ಒಂದೇ ಬಲ್ಬು ಉರಿದರೆ ನಿಧಾನ. ಸುತ್ತುಗಳನ್ನು ಎಣಿಸಿದರೆ ತಿಂಗಳ ಬಿಲ್ಲಿನ ಯೂನಿಟ್ ಸಿಗುತ್ತದೆ. ಮೂರು ಟಾರ್ಕ್‌ಗಳಲ್ಲಿ ಒಂದನ್ನು ತೆಗೆದರೆ ಮೀಟರಿನ ಕೆಲಸವೇ ಬೇರೆಯಾಯಿತು ನೋಡಿ.

ನೀವೇ ಮಾಡಿ ನೋಡಿ

ಸಣ್ಣ ದಿಕ್ಸೂಚಿಯೊಂದನ್ನು ಖಾಲಿ ಬೆಂಕಿಪೊಟ್ಟಣದೊಳಗೆ ಇಡಿ. ಪೊಟ್ಟಣದ ಮೇಲೆ ವಾರ್ನಿಷ್ ಹಚ್ಚಿದ ತೆಳು ತಾಮ್ರದ ತಂತಿಯನ್ನು 20 ಸುತ್ತು ಸುತ್ತಿ. ನಡುವೆ ಮುಳ್ಳು ಕಾಣುವಷ್ಟು ಜಾಗ ಬಿಡಿ. ತಂತಿಯ ಎರಡೂ ತುದಿಯ ವಾರ್ನಿಷ್ ಕೆರೆಯಿರಿ. ದಿಕ್ಸೂಚಿಯ ಮುಳ್ಳು ತಂತಿಯ ಸುತ್ತುಗಳ ಉದ್ದಕ್ಕೆ ಬರುವಂತೆ ಪೊಟ್ಟಣವನ್ನು ತಿರುಗಿಸಿ. ಈಗ ತಂತಿಯ ತುದಿಗಳನ್ನು ಟಾರ್ಚಿನ ಒಂದು ಸೆಲ್ಲಿಗೆ ಒಂದೇ ಒಂದು ಸೆಕೆಂಡು ಮುಟ್ಟಿಸಿ. ಹೆಚ್ಚು ಹೊತ್ತು ಹಿಡಿದರೆ ತಂತಿ ಬಿಸಿಯಾಗುತ್ತದೆ. ಮುಳ್ಳು ಹಾರುವುದನ್ನು ನೋಡಿ, ಅದು ಓಡಿಸುವ ಟಾರ್ಕ್. ತಂತಿ ಬಿಟ್ಟಾಗ ಉತ್ತರಕ್ಕೆ ಮರಳುವುದನ್ನು ನೋಡಿ, ಅದು ಭೂಮಿಯ ಎಳೆತ. ಮರಳಿದ ಮೇಲೂ ಎಷ್ಟು ಹೊತ್ತು ತೂಗಾಡುತ್ತದೆ ಎಂದು ಎಣಿಸಿ, ತಣಿಸುವವನ ಬೆಲೆ ಗೊತ್ತಾಗುತ್ತದೆ.

ದಪ್ಪ ಅಲ್ಯೂಮಿನಿಯಂ ತಟ್ಟೆಯನ್ನು ಓರೆಯಾಗಿ ಹಿಡಿದು ಅದರ ಮೇಲಿಂದ ಒಂದು ನಾಣ್ಯವನ್ನೂ, ಅಷ್ಟೇ ಗಾತ್ರದ ಬಲವಾದ ಅಯಸ್ಕಾಂತವನ್ನೂ ಜಾರಿಸಿ. ಅಲ್ಯೂಮಿನಿಯಮ್ಮಿಗೆ ಅಯಸ್ಕಾಂತ ಅಂಟುವುದಿಲ್ಲ, ಆದರೂ ಅದು ನಿಧಾನವಾಗಿ ಇಳಿಯುತ್ತದೆ. ಅದೇ ಸುಳಿ ವಿದ್ಯುತ್ತಿನ ಬ್ರೇಕು. ಇಂಥ ಅಯಸ್ಕಾಂತ ಪುಟ್ಟ ಮಕ್ಕಳ ಕೈಗೆ ಸಿಗದಿರಲಿ, ನುಂಗಿದರೆ ಅಪಾಯ. ಪಂಪ್‌ಹೌಸಿನ ಬೋರ್ಡನ್ನಾಗಲಿ ಮನೆಯ ಮೀಟರನ್ನಾಗಲಿ ನೀವು ಯಾರೂ ಬಿಚ್ಚಬಾರದು. ಅದು ಮೇಸ್ತ್ರಿಯ ಕೆಲಸ.

ಮೀಟರು ಓದುವಾಗ ನೇರ ಎದುರಿಗೆ ನಿಲ್ಲಿ. ಓರೆಯಾಗಿ ನೋಡಿದರೆ ಮುಳ್ಳು ಪಕ್ಕದ ಗೀಟಿನ ಮೇಲೆ ಇದ್ದಂತೆ ಕಾಣುತ್ತದೆ. ಕೆಲವು ಮೀಟರುಗಳ ಗೀಟಿನ ಕೆಳಗೆ ಕನ್ನಡಿಯ ಪಟ್ಟಿ ಇರುತ್ತದೆ. ಮುಳ್ಳು ತನ್ನ ಪ್ರತಿಬಿಂಬವನ್ನು ಪೂರ್ತಿ ಮುಚ್ಚಿದಾಗ ನಿಮ್ಮ ಕಣ್ಣು ಸರಿಯಾದ ಜಾಗದಲ್ಲಿದೆ ಎಂದು ತಿಳಿಯಿರಿ.

ಮೇಸ್ತ್ರಿ ಆ ಸಂಜೆ ಕೊಂಡಿಯನ್ನು ಜಾಗಕ್ಕೆ ತಂದು, ಮೀಟರಿನ ಮುಂದಿನ ಪುಟ್ಟ ತಿರುಪನ್ನು ತಿರುಗಿಸಿ ಮುಳ್ಳನ್ನು ಸೊನ್ನೆಗೆ ಕೂರಿಸಿದರು. ಓವರ್‌ಲೋಡ್ ರಿಲೇಯನ್ನೂ ಬದಲಿಸಿದರು. ಉಳಿದ ಟೊಮೆಟೊ ಗಿಡಗಳಿಗೆ ಅಂದು ರಾತ್ರಿಯೇ ನೀರು ಹರಿಯಿತು.

ಮಾರನೆಯ ದಿನ ಕರೆಂಟು ಹೋದಾಗ ತಾತ ನನ್ನನ್ನು ಕರೆದರು. "ಪುಟ್ಟಿ, ಪಂಪ್‌ಹೌಸಿಗೆ ಹೋಗಿ ಮೀಟ್ರು ನೋಡ್ಕೊಂಡು ಬಾ."

"ಕರೆಂಟೇ ಇಲ್ಲವಲ್ಲ ತಾತಾ?"

"ಅದಕ್ಕೇ ನೋಡು ಅಂದಿದ್ದು."

ಓಡಿಹೋಗಿ ನೋಡಿದೆ. ಮುಳ್ಳು ಸೊನ್ನೆಯ ಮೇಲೆ ಸರಿಯಾಗಿ ಕೂತಿತ್ತು. ಬದುವಿನ ಕಡೆ ತಿರುಗಿ, ಗಂಟಲು ಬಿಚ್ಚಿ "ಹೂಂ" ಎಂದು ಕೂಗಿದೆ.